ಮೊದಲು ಯಾವ ಲಕೋಟೆ ಒಡೆಯಬೇಕು?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ನಾನು ಅನುಭಾವದ ಮಾತು ಬಲ್ಲವನಲ್ಲ. ಮೂವತ್ತೈದು ವರ್ಷ ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿದವನು. ಅದರಲ್ಲಿ ಬಹುಪಾಲು ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳ ದಂಡೆಯ ಮೇಲೆ ಜೀಪಿನಲ್ಲಿ ಓಡಾಡಿ ಕಳೆದುಹೋಯಿತು. ಅಳತೆ ಪುಸ್ತಕ ಬರೆಯುವುದು, ಬಿಲ್ಲು ಪರೀಕ್ಷಿಸುವುದು, ಟೆಂಡರ್ ತೆರೆಯುವುದು, ಇಷ್ಟೇ ನನಗೆ ಗೊತ್ತಿರುವುದು. ಈ ತಿಂಗಳು ಮಾತಾಡಬೇಕು ಎಂದು ಅಪ್ಪಗಳು ಅಪ್ಪಣೆ ಮಾಡಿದಾಗ, ಏನು ಮಾತಾಡಲಿ ಬುದ್ಧಿ ಎಂದು ಕೇಳಿದೆ. "ನಿಮ್ಮ ಮನೆಯಲ್ಲಿ ಆದದ್ದನ್ನೇ ಹೇಳಿ. ಈಗ ಬಹಳ ಮನೆಗಳಲ್ಲಿ ಅದೇ ಆಗುತ್ತಿದೆ" ಎಂದರು. ಹಾಗಾಗಿ ಮನೆಯ ಮಾತನ್ನೇ ಆಡುತ್ತೇನೆ.

ಅಮೆರಿಕಕ್ಕೆ ಎಂ.ಎಸ್. ಓದಲು ಹೋದ ಮಕ್ಕಳ ವಿಷಯ. ಹೋಗುವ ತನಕ ನಾವೆಲ್ಲ ಬಹಳ ಓಡಾಡುತ್ತೇವೆ. ಬ್ಯಾಂಕ್ ಸಾಲ, ಮನೆಯ ಪತ್ರ, ಚೆನ್ನೈ ಇಲ್ಲವೆ ಹೈದರಾಬಾದಿನಲ್ಲಿ ವೀಸಾ ಸಂದರ್ಶನ, ವಿಮಾನ ನಿಲ್ದಾಣದಲ್ಲಿ ಫೋಟೊ. ಎರಡು ವರ್ಷ ಕಳೆದ ಮೇಲೆ ಒಂದು ರಾತ್ರಿ ಫೋನ್ ಬರುತ್ತದೆ: ಎರಡು ಕಡೆ ಕೆಲಸ ಸಿಕ್ಕಿದೆ, ಯಾವುದಕ್ಕೆ ಹೂಂ ಅನ್ನಲಿ? ಇಲ್ಲಿ ನಾವು ಮೊದಲು ಕೇಳುವ ಪ್ರಶ್ನೆ ಒಂದೇ. ಸಂಬಳ ಎಷ್ಟು?

2018ರಲ್ಲಿ ನನ್ನ ಮಗ ಫೋನ್ ಮಾಡಿದಾಗ ನಾನೂ ಅದನ್ನೇ ಕೇಳಿದೆ.

ಅವನು ಆ ಮೇ ತಿಂಗಳಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಎಂ.ಎಸ್. ಮುಗಿಸಿದ್ದ. ಒಂದು ಕಡೆ ವರ್ಷಕ್ಕೆ 92,000 ಡಾಲರ್, ಇನ್ನೊಂದು ಕಡೆ 71,000. ಹೆಚ್ಚು ಕೊಡುವುದು ಹತ್ತು ಹನ್ನೆರಡು ಜನರ ಹೊಸ ಕಂಪನಿ. ಕಡಿಮೆ ಕೊಡುವುದು ಹಳೆಯದು, ಪ್ರತಿ ವರ್ಷ ಹೊರದೇಶದ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂಥದು. ಮಗನಿಗೆ ಎರಡನೆಯದರ ಮೇಲೇ ಮನಸ್ಸಿತ್ತು. ನಾನು ಕ್ಯಾಲ್ಕ್ಯುಲೇಟರ್ ಹಿಡಿದು ಕುಳಿತೆ. ವ್ಯತ್ಯಾಸ 21,000 ಡಾಲರ್, ಆಗಿನ ಲೆಕ್ಕಕ್ಕೆ ಸುಮಾರು ಹದಿನಾಲ್ಕು ಲಕ್ಷ ರೂಪಾಯಿ. "ಎರಡು ವರ್ಷದಾಗ ಸಾಲ ತೀರತೈತಿ, ತಮ್ಮಾ. ಮನಿ ಪತ್ರ ಬ್ಯಾಂಕಿನಾಗ ಐತಿ ಅನ್ನೂದು ಮರಿಬ್ಯಾಡ" ಎಂದೆ. ಅವನು ಮರು ಮಾತಾಡಲಿಲ್ಲ. ಮನೆಯ ಪತ್ರದ ಮಾತು ತೆಗೆದ ಮೇಲೆ ಯಾವ ಮಗ ತಾನೆ ಮಾತಾಡುತ್ತಾನೆ?

ಇಲ್ಲಿ ಅಲ್ಲಿಯ ಕಾನೂನನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಎಫ್–1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಓದಿದವರಿಗೆ ಓದು ಮುಗಿದ ಮೇಲೆ 12 ತಿಂಗಳು ತಮ್ಮ ವಿಷಯಕ್ಕೆ ಸಂಬಂಧಿಸಿದ ಕೆಲಸ ಮಾಡಲು ಅನುಮತಿ ಸಿಗುತ್ತದೆ. ಅದಕ್ಕೆ ಒಪಿಟಿ ಎನ್ನುತ್ತಾರೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಇನ್ನೂ 24 ತಿಂಗಳು ವಿಸ್ತರಣೆ ಸಿಗುತ್ತದೆ. ಒಟ್ಟು ಮೂರು ವರ್ಷ. ಅದರೊಳಗೆ ಕಂಪನಿ ನಮ್ಮ ಮಕ್ಕಳಿಗಾಗಿ ಎಚ್–1ಬಿ ಎಂಬ ಕೆಲಸದ ವೀಸಾಕ್ಕೆ ಅರ್ಜಿ ಹಾಕಬೇಕು. ಮಕ್ಕಳು ತಾವೇ ಹಾಕಿಕೊಳ್ಳುವ ಹಾಗಿಲ್ಲ. ಅರ್ಜಿದಾರ ಕಂಪನಿಯೇ. ಸ್ಪಾನ್ಸರ್ ಎಂಬ ಮಾತಿನ ಅರ್ಥ ಇಷ್ಟೇ.

ಆ 24 ತಿಂಗಳ ವಿಸ್ತರಣೆಗೆ ಒಂದು ಶರತ್ತಿದೆ. ಕಂಪನಿ ಇ–ವೆರಿಫೈ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿರಬೇಕು, ವಿದ್ಯಾರ್ಥಿಗೆ ಏನು ಕಲಿಸುತ್ತೇವೆ ಎಂಬ ತರಬೇತಿ ಯೋಜನೆಗೆ ಸಹಿ ಹಾಕಬೇಕು. ನನ್ನ ಮಗನ ಕಂಪನಿ ನೋಂದಾಯಿಸಿರಲಿಲ್ಲ. ನೋಂದಣಿಗೆ ಶುಲ್ಕವಿಲ್ಲ. ಆದರೂ ಮಾಲೀಕ ಸರ್ಕಾರದ ಕಾಗದ ಪತ್ರದ ಗೋಜೇ ಬೇಡ ಎಂದ. ಎಚ್–1ಬಿ ಬಗ್ಗೆ 2019ರ ಫೆಬ್ರುವರಿಯಲ್ಲಿ ಕೇಳಿದಾಗ "ಮುಂದಿನ ವರ್ಷ ನೋಡೋಣ" ಎಂದ. ಕೆಲಸಕ್ಕೆ ಕರೆಯುವಾಗ ಬಾಯಿ ಮಾತಿನಲ್ಲಿ "ವೀಸಾ ಸಮಸ್ಯೆಯೇ ಅಲ್ಲ" ಎಂದಿದ್ದವನು ಅವನೇ. ಜುಲೈನಲ್ಲಿ ಒಪಿಟಿ ಮುಗಿಯಿತು. ಬೇರೆ ಕೆಲಸಕ್ಕೆ ಮೂರು ತಿಂಗಳು ಹುಡುಕಿದ, ಹೊತ್ತಿಗೆ ಸರಿಯಾಗಿ ಸಿಗಲಿಲ್ಲ. ಹೊರಡಲು ಕಾನೂನು ಕೊಡುವ 60 ದಿನ ಕಳೆದು ಸೆಪ್ಟೆಂಬರಿನಲ್ಲಿ ಎರಡು ಸೂಟ್‌ಕೇಸು ಹಿಡಿದು ಮನೆಗೆ ಬಂದ.

ಅದೇ ವರ್ಷ ಮೇ 31ರಂದು ನಾನು ನಿವೃತ್ತನಾಗಿದ್ದೆ. ಗ್ರಾಚ್ಯುಟಿ ಬಂದ ದಾರಿಯಲ್ಲೇ ಬ್ಯಾಂಕಿಗೆ ಹೋಯಿತು. ಮಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಚೆನ್ನಾಗಿದ್ದಾನೆ, ನನಗೆ ಒಂದು ದಿನವೂ ಎದುರಾಡಿಲ್ಲ. ನನ್ನ ಎದೆಯ ಮೇಲೆ ಕೂತಿರುವುದು ಅದೇ. ಬೈದಿದ್ದರೆ ಹಗುರಾಗುತ್ತಿತ್ತೇನೊ.

ನಾನು ನೌಕರಿಯಲ್ಲಿ ಇಂಥ ತಪ್ಪು ಎಂದೂ ಮಾಡಿದವನಲ್ಲ. ಟೆಂಡರ್ ತೆರೆದವರು ಇಲ್ಲಿ ಯಾರಾದರೂ ಇದ್ದರೆ ಅವರಿಗೆ ಗೊತ್ತು. 1999ರ ಪಾರದರ್ಶಕತೆ ಕಾಯ್ದೆ ಬಂದ ಮೇಲೆ ದೊಡ್ಡ ಕಾಮಗಾರಿಗಳಿಗೆ ಎರಡು ಲಕೋಟೆಯ ಪದ್ಧತಿ. ಮೊದಲನೆಯ ಲಕೋಟೆ ತಾಂತ್ರಿಕ: ಗುತ್ತಿಗೆದಾರ ಹಿಂದೆ ಇಂಥ ಕೆಲಸ ಮಾಡಿದ್ದಾನೆಯೆ, ಯಂತ್ರ ಇವೆಯೆ, ಪ್ರಮಾಣಪತ್ರ ಎಲ್ಲಿ? ಇದರಲ್ಲಿ ಪಾಸಾದವರ ಎರಡನೆಯ ಲಕೋಟೆ, ಅಂದರೆ ದರದ್ದು, ಮಾತ್ರ ತೆರೆಯುತ್ತೇವೆ. ನಪಾಸಾದವನ ದರ ಎಷ್ಟೇ ಆಕರ್ಷಕವಾಗಿರಲಿ, ನೋಡುವುದೂ ಇಲ್ಲ. ದರ ಮೊದಲು ನೋಡಿಬಿಟ್ಟರೆ ಆಮೇಲೆ ಕಣ್ಣು ಬೇರೇನನ್ನೂ ಕಾಣುವುದಿಲ್ಲ, ಅದಕ್ಕೇ ಈ ಪದ್ಧತಿ. ಕಚೇರಿಯಲ್ಲಿ ಸಾವಿರ ಸಲ ಮಾಡಿದ್ದನ್ನು ನನ್ನ ಮಗನ ವಿಷಯದಲ್ಲಿ ಮರೆತೆ. ಮೊದಲೇ ದರದ ಲಕೋಟೆ ಒಡೆದೆ.

ಹೀಗಾಗಿ 2024ರ ಏಪ್ರಿಲ್‌ನಲ್ಲಿ ನನ್ನ ತಮ್ಮನ ಮಗಳು ಫೋನ್ ಮಾಡಿದಾಗ ನಾನು ನೋಟುಬುಕ್ ತೆರೆದು ಕುಳಿತೆ. ಅವಳು ಸಿವಿಲ್, ನನ್ನದೇ ಕುಲಕಸುಬು ಅನ್ನಿ. ಕಟ್ಟಡ ಮತ್ತು ಸೇತುವೆಗಳ ರಚನೆಯ ಮೇಲೆ ಎಂ.ಎಸ್. "ದೊಡ್ಡಪ್ಪಾ, ಮೂರು ಕಡೆಯಿಂದ ಬಂದಾವ. ಒಂದಕ್ಕ ಹತ್ತು ದಿನದಾಗ ಉತ್ತರ ಕೊಡಬೇಕು" ಎಂದಳು. ಪಕ್ಕದಲ್ಲಿ ನನ್ನ ತಮ್ಮ, "ಅಣ್ಣಾ, ಟೆಕ್ಸಾಸದ್ದು ಹೆಚ್ಚೈತಿ, ಅದನ್ನ ತಗೋ ಅಂತ ಹೇಳು" ಎಂದು ಪಿಸುಗುಟ್ಟಿದ. ಆರು ವರ್ಷದ ಹಿಂದಿನ ನನ್ನದೇ ದನಿ ಕೇಳಿದ ಹಾಗಾಯಿತು.

"ಸಂಬಳ ಈಗ ಹೇಳಬ್ಯಾಡವ್ವ" ಎಂದೆ. ಆದರೆ ತಮ್ಮ ಅಷ್ಟರಲ್ಲೇ ಹೇಳಿ ಮುಗಿಸಿದ್ದ. ಟೆಕ್ಸಾಸಿನ ದೊಡ್ಡ ನಿರ್ಮಾಣ ಕಂಪನಿ 95,000 ಡಾಲರ್. ಒಹಾಯೊದ ಮಧ್ಯಮ ಗಾತ್ರದ, ಸೇತುವೆ ವಿನ್ಯಾಸ ಮಾಡುವ ಸಂಸ್ಥೆ 74,000. ಅವಳು ಓದಿದ ವಿಶ್ವವಿದ್ಯಾಲಯದ್ದೇ ಸಂಶೋಧನಾ ಪ್ರಯೋಗಾಲಯ 58,000.

ಮೊದಲ ಲಕೋಟೆಗೆ ಏನೇನು ಬರೆಯಿಸಬೇಕು? ಮೊದಲನೆಯದು, ಇ–ವೆರಿಫೈ ಇದೆಯೆ. ಇದು ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಎರಡನೆಯದು, ಎಚ್–1ಬಿಗೆ ಹೆಸರು ಹಾಕುತ್ತಾರೆಯೆ, ಹಾಕುವುದಾದರೆ *ಯಾವ ಮಾರ್ಚ್‌ನಲ್ಲಿ*. ಈ ಎರಡನೆಯ ಪ್ರಶ್ನೆಯ ಬೆಲೆ ತಿಳಿಯಲು ಸ್ವಲ್ಪ ಲೆಕ್ಕ ಬೇಕು.

ವರ್ಷಕ್ಕೆ 65,000 ಎಚ್–1ಬಿ, ಅದರ ಮೇಲೆ ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ 20,000. ಮಾರ್ಚ್‌ನಲ್ಲಿ ಕಂಪನಿಗಳು ಹೆಸರು ನೋಂದಾಯಿಸುತ್ತವೆ, ಆಮೇಲೆ ಲಾಟರಿ, ಬಂದವರಿಗೆ ಅಕ್ಟೋಬರ್ 1ರಿಂದ ಹೊಸ ವೀಸಾ. 2025ರ ಮಾರ್ಚ್‌ನ ಸುತ್ತಿನಲ್ಲಿ ಅರ್ಹ ನೋಂದಣಿ ಸುಮಾರು 3,44,000, ಆಯ್ಕೆಯಾದದ್ದು ಸುಮಾರು 1,20,000. ಮೂರರಲ್ಲಿ ಒಂದು ಎಂದು ಇಟ್ಟುಕೊಳ್ಳಿ. ಒಂದೇ ಸಲ ಹೆಸರು ಹಾಕಿದರೆ ಸಿಗುವ ಸಾಧ್ಯತೆ ಶೇ. 33. ಎರಡು ಸಲ ಹಾಕಿದರೆ ಶೇ. 56. ಮೂರು ಸಲವಾದರೆ ಶೇ. 70. ನಾವು ಅಣೆಕಟ್ಟಿನ ಕೋಡಿ ವಿನ್ಯಾಸ ಮಾಡುವಾಗ, ಐವತ್ತು ವರ್ಷಕ್ಕೊಮ್ಮೆ ಬರುವ ಪ್ರವಾಹ ಮುಂದಿನ ಹತ್ತು ವರ್ಷದಲ್ಲಿ ಒಮ್ಮೆಯಾದರೂ ಬಂದೀತೆ ಎಂದು ಹಾಕುವ ಲೆಕ್ಕವೇ ಇದು, ಸೂತ್ರವೂ ಅದೇ. ಪ್ರವಾಹ ಬಾರದಿರಲಿ ಎಂದು ಅಲ್ಲಿ ಹಾಕುತ್ತಿದ್ದೆ, ಇಲ್ಲಿ ಬರಲಿ ಎಂದು ಹಾಕಿದೆ.

ಈಗ ನೋಡಿ. "ಒಂದು ವರ್ಷ ಕೆಲಸ ಮಾಡಲಿ, ಆಮೇಲೆ ಸ್ಪಾನ್ಸರ್ ಬಗ್ಗೆ ಪರಿಶೀಲಿಸುತ್ತೇವೆ" ಎನ್ನುವ ಕಂಪನಿ ಮೂರರಲ್ಲಿ ಒಂದು ಲಾಟರಿಯನ್ನು ಸುಮ್ಮನೆ ಸುಟ್ಟ ಹಾಗೆ. ಶೇ. 70 ಇದ್ದದ್ದು 56ಕ್ಕೆ ಇಳಿಯಿತು. ಟೆಕ್ಸಾಸಿನ ಕಂಪನಿ ಬರೆದದ್ದು ಅದೇ ವಾಕ್ಯ. "ಪರಿಶೀಲಿಸಲಾಗುವುದು" ಎಂಬ ಪದದ ಅರ್ಥ ಸರ್ಕಾರಿ ನೌಕರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನೇ ಎಷ್ಟು ಕಡತಗಳ ಮೇಲೆ ಅದನ್ನು ಬರೆದಿದ್ದೇನೆ!

ಒಹಾಯೊದವರಿಗೆ ಅವಳು ಮಿಂಚಂಚೆ ಬರೆದು ಕೇಳಿದಳು. ಮರುದಿನವೇ ಉತ್ತರ ಬಂತು: ಕೆಲಸಕ್ಕೆ ಸೇರಿದ ಮೇಲೆ ಬರುವ ಮೊದಲ ಮಾರ್ಚ್‌ನಲ್ಲೇ ಹೆಸರು ಹಾಕುತ್ತೇವೆ, ಬರದಿದ್ದರೆ ಒಪಿಟಿ ಇರುವ ತನಕ ಪ್ರತಿ ವರ್ಷ ಹಾಕುತ್ತೇವೆ, ವಕೀಲರ ಖರ್ಚು ನಮ್ಮದು. ಖರ್ಚಿನ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ಮಕ್ಕಳು "ನಾನೇ ಕೊಡತೇನಿ, ಅರ್ಜಿ ಹಾಕ್ರಿ" ಎಂದು ಅಂಗಲಾಚುತ್ತಾರೆ. ಆ ಅರ್ಜಿಯ ಖರ್ಚು ಉದ್ಯೋಗದಾತನ ಹೊಣೆ, ಅದನ್ನು ನೌಕರನ ತಲೆಗೆ ಹಾಕುವಂತಿಲ್ಲ ಎಂದು ಅಲ್ಲಿಯ ನಿಯಮವೇ ಹೇಳುತ್ತದೆ. ಯಾರಾದರೂ ದುಡ್ಡು ಕೇಳಿದರೆ ಅಲ್ಲೇನೋ ಹುಳುಕಿದೆ.

ಕಂಪನಿಯ ಮಾತು ನಂಬಿ ಕೂರಬೇಕಾಗಿಯೂ ಇಲ್ಲ. ಗುತ್ತಿಗೆದಾರನ ಹಳೆಯ ಕೆಲಸದ ಪ್ರಮಾಣಪತ್ರ ನೋಡುವ ಹಾಗೆ, ಯಾವ ಕಂಪನಿ ಯಾವ ವರ್ಷ ಎಷ್ಟು ಎಚ್–1ಬಿ ಪಡೆದಿದೆ ಎಂಬ ಪಟ್ಟಿಯನ್ನು ಅಲ್ಲಿಯ ವಲಸೆ ಇಲಾಖೆ ಬಹಿರಂಗವಾಗಿ ಇಡುತ್ತದೆ. ಯಾವ ಹುದ್ದೆಗೆ, ಯಾವ ಊರಿನಲ್ಲಿ, ಎಷ್ಟು ಸಂಬಳ ಎಂಬುದನ್ನು ಕಾರ್ಮಿಕ ಇಲಾಖೆ ಇಡುತ್ತದೆ. ನಾನು ಇಲ್ಲೇ ಮನೆಯಲ್ಲಿ ಕೂತು ನೋಡಿದೆ. ಒಹಾಯೊದ ಸಂಸ್ಥೆ ಸಣ್ಣದಾದರೂ ಹೆಚ್ಚುಕಡಿಮೆ ಪ್ರತಿ ವರ್ಷ ಒಬ್ಬಿಬ್ಬರಿಗೆ ಮಾಡಿಸಿತ್ತು. ಮಾಡಿದವನಿಗೆ ದಾರಿ ಗೊತ್ತಿರುತ್ತದೆ.

ಇನ್ನು ಪ್ರಯೋಗಾಲಯ. ಇದರ ವಿಷಯ ನಮ್ಮ ಮಂದಿಗೆ ಅಷ್ಟಾಗಿ ತಿಳಿದಿಲ್ಲ. ವಿಶ್ವವಿದ್ಯಾಲಯಗಳಿಗೆ, ಅವಕ್ಕೆ ಅಂಟಿಕೊಂಡ ಲಾಭರಹಿತ ಸಂಸ್ಥೆಗಳಿಗೆ, ಸರ್ಕಾರಿ ಸಂಶೋಧನಾ ಸಂಸ್ಥೆಗಳಿಗೆ ಈ 85,000ದ ಮಿತಿಯೇ ಅನ್ವಯಿಸುವುದಿಲ್ಲ. ಲಾಟರಿ ಇಲ್ಲ, ಮಾರ್ಚ್ ಇಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು. ಮುಂದೆ ಖಾಸಗಿ ಕಂಪನಿಗೆ ಹೋಗಬೇಕಾದರೆ ಮಾತ್ರ ಆಗ ಲಾಟರಿಯ ಸಾಲಿನಲ್ಲಿ ನಿಲ್ಲಬೇಕು. ನನ್ನ ತುಲನಾ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ ಕೊಟ್ಟೆ. ಸುಟ್ಟ ಕೈ, ಭದ್ರತೆಯನ್ನೇ ಹುಡುಕುತ್ತದೆ.

ಅಷ್ಟರಲ್ಲಿ ನಾಲ್ಕನೆಯ ಆಫರ್ ಒಂದು ಬಂತು. ಇದನ್ನು ಹೇಳಲೋ ಬೇಡವೋ ಎಂದು ಬಹಳ ಯೋಚಿಸಿದೆ. ಅಪ್ಪಗಳು ಹೇಳಿ ಎಂದರು.

ನಮ್ಮ ಬೀಗರ ಕಡೆಯ ಪರಿಚಯದವರೊಬ್ಬರು. ಅಲ್ಲಿ ಕನ್ಸಲ್ಟೆನ್ಸಿ ಇಟ್ಟುಕೊಂಡಿದ್ದಾರೆ. ಬಸವ ಜಯಂತಿಗೆ ಮುಂದೆ ನಿಂತು ದಾಸೋಹ ಮಾಡಿಸುವವರು, ಹಣೆಯ ಮೇಲೆ ವಿಭೂತಿ ಮಾಸಿದ್ದನ್ನು ಕಂಡವರಿಲ್ಲ. ಅವರು ನನ್ನ ತಮ್ಮನಿಗೆ ಫೋನ್ ಮಾಡಿ, "1,10,000 ಕೊಡಿಸತೇನಿ, ನಮ್ಮ ಹುಡುಗಿ ಅಂತ ಹೇಳತೇನಿ" ಎಂದರು. ಮಾಡಬೇಕಾದದ್ದು ಇಷ್ಟೇ. ಸಿವಿಲ್ ಬಿಟ್ಟು ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ. ಬಯೊಡಾಟಾದಲ್ಲಿ ನಾಲ್ಕು ವರ್ಷದ ಅನುಭವ ಅವರೇ ಬರೆಯುತ್ತಾರೆ. ತರಬೇತಿಗೆಂದು ಮೊದಲು 2,000 ಡಾಲರ್ ಕಟ್ಟಬೇಕು. ಎಚ್–1ಬಿಗೆ ನಾಲ್ಕು ಕಂಪನಿಗಳ ಹೆಸರಿನಲ್ಲಿ ನೋಂದಾಯಿಸಿ ಅದೃಷ್ಟ ನಾಲ್ಕು ಪಟ್ಟು ಮಾಡುತ್ತಾರಂತೆ.

ಕೊನೆಯ ಮಾತೇ ಅವರನ್ನು ಹಿಡಿದುಕೊಟ್ಟಿತು. ಒಬ್ಬರ ಹೆಸರನ್ನು ಹತ್ತು ಕಂಪನಿಗಳಿಂದ ಹಾಕಿಸುವ ಆಟ ಹಿಂದೆ ನಡೆಯುತ್ತಿತ್ತು, ನಿಜ. 2024ರ ಮಾರ್ಚ್‌ನಿಂದಲೇ ಅದನ್ನು ಮುಚ್ಚಿದರು. ಎಷ್ಟು ಕಂಪನಿ ಹಾಕಿದರೂ ಪಾಸ್‌ಪೋರ್ಟ್ ಲೆಕ್ಕದಲ್ಲಿ ಒಬ್ಬರಿಗೆ ಒಂದೇ ಚೀಟಿ. ಈ ಮಹನೀಯರು ಏಪ್ರಿಲ್‌ನಲ್ಲಿ, ಸತ್ತ ಎಮ್ಮೆಗೆ ಹಾಲು ಎಷ್ಟು ಎಂದು ಹೇಳುತ್ತಿದ್ದರು. ಒಪಿಟಿಯಲ್ಲಿ ಓದಿದ ವಿಷಯಕ್ಕೆ ಸಂಬಂಧವಿಲ್ಲದ ಕೆಲಸ ಮಾಡುವಂತಿಲ್ಲ. ಇನ್ನು ಇಲ್ಲದ ಅನುಭವ ತೋರಿಸಿ ವೀಸಾ ಪಡೆದದ್ದು ಸಿಕ್ಕಿಬಿದ್ದರೆ ಆ ದೇಶದ ಬಾಗಿಲು ಜೀವನಪರ್ಯಂತ ಮುಚ್ಚಬಹುದು. ಹುಡುಗಿಗೆ ಆಗ ಇಪ್ಪತ್ತನಾಲ್ಕು ವರ್ಷ.

ಕಾನೂನು ಬದಿಗಿರಲಿ. ಈ ಮಠದ ಅಂಗಳದಲ್ಲಿ ಕಾಯಕದ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಮಾಡದ ಕೆಲಸವನ್ನು ಮಾಡಿದ್ದೇನೆ ಎಂದು ಬರೆದು ಅದರ ಮೇಲೆ ಸಂಬಳ ಎಣಿಸುವುದಕ್ಕೆ ಏನೆನ್ನಬೇಕು? ಅಳತೆ ಪುಸ್ತಕದಲ್ಲಿ ಇಲ್ಲದ ಮಣ್ಣಿನ ಕೆಲಸ ಬರೆದು ಬಿಲ್ಲು ಎತ್ತುವವರನ್ನು ನಾನು ನೌಕರಿಯುದ್ದಕ್ಕೂ ನೋಡಿದ್ದೇನೆ. ಇದೂ ಅದೇ. ನನಗೆ ನೋವಾದದ್ದು ಆ ಮನುಷ್ಯನ ಬಗ್ಗೆ ಅಲ್ಲ. ನನ್ನ ತಮ್ಮ, ಬೆಳಗಿನ ಪೂಜೆ ತಪ್ಪಿಸದವನು, "ನಮ್ಮವರಲ್ಲ ಅಣ್ಣಾ, ಮೋಸ ಮಾಡ್ತಾರೇನು" ಎಂದ. ನಮ್ಮವರು ಎಂಬುದು ಯಾವ ಲಕೋಟೆಗೆ ಬರುವ ದಾಖಲೆಯಪ್ಪಾ ಎಂದು ಕೇಳಿದೆ. ಹುಡುಗಿ ಮಾತ್ರ ಫೋನಿನಲ್ಲೇ ನಕ್ಕು, "ಸೇತುವೆ ಬಿಟ್ಟು ಸುಳ್ಳು ಕಟ್ಟಾಕ ಹೋಗೂದಿಲ್ಲ ದೊಡ್ಡಪ್ಪಾ" ಎಂದಳು. ಅಲ್ಲಿಗೆ ಅದು ಮುಗಿಯಿತು. ಬೀಗರು ಮಾತ್ರ ಇವತ್ತಿಗೂ ಮಾತು ಬಿಟ್ಟಿದ್ದಾರೆ.

ಮಕ್ಕಳು ಇಂಥವರ ಕೈಗೆ ಸಿಗುವುದು ದುರಾಸೆಯಿಂದಲ್ಲ, ಹೆದರಿಕೆಯಿಂದ. ಒಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ವಿಸ್ತರಣೆ ಸಿಕ್ಕವರಿಗೆ ಎಲ್ಲ ಸೇರಿ 150 ದಿನ. ದಿನ ಎಣಿಸುತ್ತ ಕೂತ ಹುಡುಗನಿಗೆ ರಾತ್ರಿ ನಾವು ಫೋನ್ ಮಾಡಿ "ಆಯ್ತೇನು? ಇನ್ನೂ ಆಗಲಿಲ್ಲೇನು? ಪಕ್ಕದ ಮನೀ ಹುಡುಗಗ ಆತಂತ" ಎನ್ನುತ್ತೇವೆ. ಮದುವೆಯ ಮಾತು ಬೇರೆ. ವರದಕ್ಷಿಣೆ ತೆಗೆದುಕೊಳ್ಳುವುದಿಲ್ಲ ಎಂದು ಇದೇ ಸಭೆಯಲ್ಲಿ ಕೈ ಎತ್ತಿ ಪ್ರತಿಜ್ಞೆ ಮಾಡಿದವರು ಹೊರಗೆ ಹೋಗಿ "ಹುಡುಗನ ಎಚ್–1ಬಿ ಆಗೇತೇನ್ರಿ?" ಎಂದು ಕೇಳುವುದನ್ನು ನಾನು ಕೇಳಿದ್ದೇನೆ. ನಾನೂ ಕೇಳಿದ್ದೇನೆ, ಸುಳ್ಳೇಕೆ ಹೇಳಲಿ.

ಮೂರಕ್ಕೆ ಮರಳೋಣ. ಟೆಕ್ಸಾಸ್ ಮೊದಲ ಲಕೋಟೆಯಲ್ಲೇ ಹೊರಗೆ ಹೋಯಿತು. ಉಳಿದದ್ದು ಒಹಾಯೊ ಮತ್ತು ಪ್ರಯೋಗಾಲಯ. ನಾನು ಪ್ರಯೋಗಾಲಯ ಎಂದೆ. ಅವಳು ಎರಡು ಮಾತು ಹೇಳಿದಳು, ಎರಡೂ ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಒಂದು, ಪ್ರಯೋಗಾಲಯದ ಪತ್ರವನ್ನು ಅವಳು ನನಗಿಂತ ಸರಿಯಾಗಿ ಓದಿದ್ದಳು. ಹುದ್ದೆ ಒಂದು ವರ್ಷದ್ದು, ಅನುದಾನ ಮುಂದುವರಿದರೆ ಮಾತ್ರ ಹುದ್ದೆಯೂ ಮುಂದುವರಿಯುತ್ತದೆ ಎಂದು ಕೊನೆಯ ಪುಟದಲ್ಲಿತ್ತು. ಲಾಟರಿಯ ಭಯ ಇಲ್ಲ, ಅನುದಾನದ ಭಯ ಇದೆ. ಎರಡು, ಅವಳಿಗೆ ಪಿ.ಇ. ಆಗಬೇಕು. ಅಲ್ಲಿ ನಕ್ಷೆಯ ಮೇಲೆ ಸ್ವಂತ ಮೊಹರು ಒತ್ತಿ ಸಹಿ ಹಾಕುವ ಪರವಾನಗಿ ಪಡೆದ ಎಂಜಿನಿಯರನ್ನು ಪಿ.ಇ. ಎನ್ನುತ್ತಾರೆ. ಅದಕ್ಕೆ ಎರಡು ಪರೀಕ್ಷೆಗಳು, ಸಾಮಾನ್ಯವಾಗಿ ನಾಲ್ಕು ವರ್ಷ ಪರವಾನಗಿ ಇದ್ದವರ ಕೈಕೆಳಗಿನ ಅನುಭವ. ಒಹಾಯೊದ ಸಂಸ್ಥೆಯಲ್ಲಿ ಅಂಥ ಹಿರಿಯರಿದ್ದಾರೆ, ಅವಳನ್ನು ಸಂದರ್ಶನ ಮಾಡಿದವರೇ ಮೂವತ್ತು ವರ್ಷ ಸೇತುವೆ ಮಾಡಿದ ಒಬ್ಬ ತಾಯಿ. "ದೊಡ್ಡಪ್ಪಾ, ವೀಸಾ ಸಿಕ್ಕರೂ ಸಿಗದಿದ್ದರೂ ಅಲ್ಲಿ ಕಲಿತಿದ್ದು ನನ್ನ ಜೋಡಿ ಬರತೈತಿ" ಎಂದಳು.

ನಾನು ತಾಂತ್ರಿಕ ಲಕೋಟೆ ಎಂದು ಅಷ್ಟು ಭಾಷಣ ಮಾಡಿ, ಕೆಲಸ ಏನು, ಯಾರ ಹತ್ತಿರ ಕಲಿಯುತ್ತೀ ಎಂಬುದನ್ನು ಕೇಳಿಯೇ ಇರಲಿಲ್ಲ. ಎಲ್ಲವೂ ವೀಸಾ, ವೀಸಾ. ಅವಳು ಒಹಾಯೊ ಆರಿಸಿದಳು. 2024ರ ಜುಲೈನಲ್ಲಿ ಸೇರಿದಳು.

ಇಲ್ಲಿ ಎರಡು ಸಣ್ಣ ವಿಷಯ. ಹತ್ತು ದಿನದ ಗಡುವು ಕೊಟ್ಟವರನ್ನು ವಿನಯದಿಂದ ಇನ್ನೊಂದು ವಾರ ಕೇಳಬಹುದು. ಅವಳು ಕೇಳಿದಳು, ಕೊಟ್ಟರು. ಮತ್ತೆ, ನಾವು ನೇಮಕಾತಿ ಆದೇಶ ಎಂದರೆ ಅರವತ್ತು ವರ್ಷದ ತನಕ ಎಂದು ತಿಳಿದವರು. ಅಲ್ಲಿಯ ಪತ್ರದಲ್ಲಿ ಯಾವಾಗ ಬೇಕಾದರೂ ಯಾರು ಬೇಕಾದರೂ ಬಿಡಬಹುದು ಎಂದೇ ಸಾಮಾನ್ಯವಾಗಿ ಇರುತ್ತದೆ. ಎಚ್–1ಬಿ ಆದವರಿಗೂ ಕೆಲಸ ಹೋದರೆ ಹೆಚ್ಚೆಂದರೆ 60 ದಿನದ ಅವಕಾಶ. ಹಸಿರು ಕಾರ್ಡಿನ ಮಾತಂತೂ ಭಾರತದಲ್ಲಿ ಹುಟ್ಟಿದವರಿಗೆ ದೂರದ ದಾರಿ. ಒಂದೊಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಹತ್ತು ವರ್ಷಕ್ಕೂ ಹಿಂದೆ ಅರ್ಜಿ ಹಾಕಿದವರು ಇನ್ನೂ ಸಾಲಿನಲ್ಲಿದ್ದಾರೆ. ಎಚ್–1ಬಿಗೆ ಆರು ವರ್ಷದ ಮಿತಿ, ಅದನ್ನು ದಾಟಬೇಕಾದರೆ ಕಂಪನಿ ಹಸಿರು ಕಾರ್ಡಿನ ಕೆಲಸವನ್ನು ಮುಂಚೆಯೇ ಆರಂಭಿಸಿರಬೇಕು. ಯಾವಾಗ ಆರಂಭಿಸುತ್ತೀರಿ ಎಂದು ಸಹಿ ಹಾಕುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

2025ರ ಮಾರ್ಚ್‌ನಲ್ಲಿ ಒಹಾಯೊದವರು ಹೇಳಿದ ಹಾಗೆ ಅವಳ ಹೆಸರು ಹಾಕಿದರು. ಬರಲಿಲ್ಲ.

ಆ ರಾತ್ರಿ ತಮ್ಮ ನನ್ನ ಮನೆಗೆ ಬಂದು ಸುಮ್ಮನೆ ಕುಳಿತ. ಪ್ರಯೋಗಾಲಯಕ್ಕೆ ಹೋಗಿದ್ದರೆ ಇಷ್ಟು ಹೊತ್ತಿಗೆ ಆಗಿರುತ್ತಿತ್ತು ಎಂದು ಅವನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಇಬ್ಬರ ಮನಸ್ಸಿನಲ್ಲೂ ಅದೇ ಇತ್ತು. ಒಳ್ಳೆಯ ಲೆಕ್ಕ ಹಾಕಿದರೂ ಮೂರರಲ್ಲಿ ಎರಡು ಸಲ ಚೀಟಿ ಬರುವುದಿಲ್ಲ, ಲೆಕ್ಕವೇ ಹಾಗೆ ಹೇಳುತ್ತದೆ. ಆದರೆ ಈ ಸಲ ಅವಳಿಗೆ ಇ–ವೆರಿಫೈ ಇತ್ತು. ವಿಸ್ತರಣೆ ಸಿಕ್ಕಿತು, 2027ರ ಜುಲೈವರೆಗೆ. ಇನ್ನೂ ಎರಡು ಮಾರ್ಚ್ ಉಳಿದಿವೆ.

ಅದರಲ್ಲಿ ಒಂದು ಈಗ ಬರುತ್ತಿದೆ. ನಿಯಮಗಳೂ ಬದಲಾಗಿವೆ. ಹೋದ ಸೆಪ್ಟೆಂಬರಿನಲ್ಲಿ ಹೊಸ ಎಚ್–1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಹೊರಟಾಗ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಆಮೇಲೆ ವಲಸೆ ಇಲಾಖೆ ವಿವರಣೆ ಕೊಟ್ಟಿತು: ಅಲ್ಲೇ ವಿದ್ಯಾರ್ಥಿ ವೀಸಾದಲ್ಲಿದ್ದು ದೇಶದೊಳಗಿನಿಂದಲೇ ಎಚ್–1ಬಿಗೆ ಬದಲಾಗುವವರಿಗೆ ಅದು ಅನ್ವಯಿಸುವುದಿಲ್ಲ. ಹೊರಗಿನಿಂದ ಕರೆಸಿಕೊಳ್ಳುವವರಿಗೆ ಅನ್ವಯಿಸುತ್ತದೆ. ಆದ್ದರಿಂದ "ಆಗದಿದ್ದರೆ ಊರಿಗೆ ಬಂದು ಇಲ್ಲಿಂದ ಮತ್ತೆ ಪ್ರಯತ್ನಿಸೋಣ" ಎಂಬ ಮಾತು ಈಗ ಮೊದಲಿನಷ್ಟು ಸುಲಭವಿಲ್ಲ. ವಿಸ್ತರಣೆಯ ಬೆಲೆ ಇನ್ನೂ ಏರಿದೆ.

ಇನ್ನೊಂದು ಬದಲಾವಣೆ ನನ್ನ ಎರಡು ಲಕೋಟೆಯ ವಾದಕ್ಕೇ ಪೆಟ್ಟು ಕೊಟ್ಟಿದೆ, ಅದನ್ನು ಮುಚ್ಚಿಡಬಾರದು. 2026ರ ಈ ಸುತ್ತಿನಿಂದ ಲಾಟರಿ ಎಲ್ಲರಿಗೂ ಸಮವಲ್ಲ. ಸಂಬಳವನ್ನು ನಾಲ್ಕು ಮಟ್ಟ ಮಾಡಿ, ಮೊದಲ ಮಟ್ಟದವರ ಹೆಸರು ಒಂದು ಸಲ, ಎರಡನೆಯವರದು ಎರಡು ಸಲ, ಹೀಗೆ ನಾಲ್ಕನೆಯವರದು ನಾಲ್ಕು ಸಲ ಪೆಟ್ಟಿಗೆಗೆ ಬೀಳುತ್ತದೆ. ಅಂದರೆ ಸಂಬಳವೂ ಈಗ ತಾಂತ್ರಿಕ ಲಕೋಟೆಯೊಳಗೆ ಬಂದು ಕೂತಿದೆ, ಮೂರರಲ್ಲಿ ಒಂದು ಎಂಬ ನನ್ನ ಲೆಕ್ಕವೂ ಹಳತಾಯಿತು. ಹಾಗೆಂದು ಹೆಚ್ಚಿನ ಅಂಕಿ ಕಂಡೊಡನೆ ಹಿಗ್ಗಬೇಡಿ. ಮಟ್ಟ ನಿರ್ಧಾರವಾಗುವುದು ಬರಿಯ ಅಂಕಿಯಿಂದಲ್ಲ, ಆ ಹುದ್ದೆಗೆ ಆ ಊರಿನಲ್ಲಿ ನಡೆಯುವ ಸಂಬಳದಿಂದ. ಒಂದೇ ಸಂಬಳ ಸಣ್ಣ ಊರಿನಲ್ಲಿ ಎರಡನೆಯ ಮಟ್ಟವಾಗಿ, ದುಬಾರಿ ನಗರದಲ್ಲಿ ಮೊದಲನೆಯದಾಗಬಹುದು. ನಮ್ಮ ಜಿಲ್ಲಾವಾರು ದರಪಟ್ಟಿ ಇದ್ದ ಹಾಗೆ. ನಮ್ಮ ಹುಡುಗಿಗೆ ಒಂದೂವರೆ ವರ್ಷದಲ್ಲಿ ಸಂಬಳ ಏರಿ, ಅವಳ ಊರಿನ ಲೆಕ್ಕಕ್ಕೆ ಈಗ ಎರಡನೆಯ ಮಟ್ಟ ಬರುತ್ತದಂತೆ.

ಹೋದ ಭಾನುವಾರ ಫೋನ್ ಮಾಡಿದ್ದಳು. ಲಾಟರಿಯ ಮಾತು ಎತ್ತಲೇ ಇಲ್ಲ. ಹಳೆಯದೊಂದು ಸೇತುವೆಯ ತೊಲೆಗೆ ಎಷ್ಟು ಭಾರ ತಡೆದೀತು ಎಂದು ಲೆಕ್ಕ ಹಾಕುತ್ತಿದ್ದಾಳಂತೆ. ನಕ್ಷೆಗಿಂತ ಸ್ಥಳದ ಅಳತೆಯಲ್ಲಿ ಎರಡು ಅಂಗುಲ ವ್ಯತ್ಯಾಸ ಬಂದಿದೆ, ನಿಮ್ಮ ಕಾಲದಲ್ಲಿ ಹಿಂಗಾದರೆ ಏನು ಮಾಡತಿದ್ದಿರಿ ಎಂದು ಕೇಳಿದಳು. ಅರ್ಧ ಗಂಟೆ ಮಾತಾಡಿದೆವು. ಪಕ್ಕದಲ್ಲಿ ನನ್ನ ಮಗ ಕೂತಿದ್ದ, ಬೆಂಗಳೂರಿನಿಂದ ಬಂದಿದ್ದ. ಫೋನ್ ಇಸಿದುಕೊಂಡು, "ತಂಗೀ, ಆಫೀಸಿನವರು ನೋಂದಣಿ ಮಾಡಿದ ಪಾವತಿ ಪ್ರತಿ ತಪ್ಪದೆ ಇಸಗೊಂಡು ಇಟಗೊ" ಎಂದ. ಇಷ್ಟು ವರ್ಷಗಳಲ್ಲಿ ಆ ವಿಷಯದ ಬಗ್ಗೆ ಅವನ ಬಾಯಿಂದ ಬಂದ ಮೊದಲ ಮಾತು.

ನನ್ನ ಮಾತು ಇಷ್ಟೇ. ಪ್ರಸಾದ ಆದ ಮೇಲೆ ನಾನು ಆ ಬೇವಿನ ಮರದ ಕಟ್ಟೆಯ ಮೇಲೆ ಕೂತಿರುತ್ತೇನೆ. ಯಾರ ಮನೆಗಾದರೂ ಇಂಥ ಪತ್ರ ಬಂದಿದ್ದರೆ ಮೊಬೈಲಿನಲ್ಲಿ ತೋರಿಸಿ, ಕೂಡಿ ಓದೋಣ. ಸಂಬಳದ ಸಾಲಿನ ಮೇಲೆ ಮಾತ್ರ ಹೆಬ್ಬೆರಳು ಇಟ್ಟುಕೊಂಡು ತನ್ನಿ.